ಕ್ವಿಜ್ ಫಾರಂನಲ್ಲಿ ಮಗುವಿನ ಫೋಟೊ ಏಕೆ?

ತಾಲ್ಲೂಕು ಕೇಂದ್ರದ ಗಣಿತ ಮೇಷ್ಟ್ರೊಬ್ಬರು ಎಸ್ಸೆಸ್ಸೆಲ್ಸಿ ಮಕ್ಕಳಿಗಾಗಿ ವೆಬ್‌ಸೈಟ್ ನಡೆಸುತ್ತಾರೆ ಎಂದಿಟ್ಟುಕೊಳ್ಳಿ. ಮಾದರಿ ಪ್ರಶ್ನೆಪತ್ರಿಕೆ, ವಾರಕ್ಕೊಂದು ಕ್ವಿಜ್, ಗೆದ್ದವರಿಗೆ ಪ್ರಮಾಣಪತ್ರ. ಮಕ್ಕಳಿಂದ ಪೈಸೆ ಮುಟ್ಟುವುದಿಲ್ಲ. ಸರ್ವರ್ ಬಾಡಿಗೆ ಹುಟ್ಟಲಿ ಎಂದು ಒಂದೆರಡು ಜಾಹೀರಾತು ಹಾಕಿದ್ದಾರೆ. ನೋಂದಣಿ ಫಾರಂ ತೆರೆದರೆ ಸಾಲುಗಳು ಹೀಗಿವೆ: ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಶಾಲೆ, ಊರು, ವಾಟ್ಸಾಪ್ ನಂಬರು, ಪಾಸ್‌ಪೋರ್ಟ್ ಅಳತೆಯ ಫೋಟೊ. ಕೊನೆಯಲ್ಲಿ ಒಂದು ಚೌಕ, ‘ನಿಯಮಗಳಿಗೆ ಒಪ್ಪಿದ್ದೇನೆ’. ಅದನ್ನು ಒತ್ತುವವನು ಹದಿನೈದರ ಹುಡುಗ.

ಆ ಒಪ್ಪಿಗೆ ಇನ್ನು ಮುಂದೆ ನಡೆಯುವುದಿಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿಯನ್ನು ಮುಟ್ಟುವ ಮುನ್ನ ತಂದೆ, ತಾಯಿ ಅಥವಾ ಕಾನೂನುಬದ್ಧ ಪೋಷಕರ ಒಪ್ಪಿಗೆ ಬೇಕು, ಅದೂ ಪರಿಶೀಲಿಸಬಹುದಾದ ಒಪ್ಪಿಗೆ ಎನ್ನುತ್ತದೆ 9ನೇ ಕಲಂ. ಕಾಯ್ದೆಗೆ ಬೇಕಾದ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದಿವೆ. ಮಕ್ಕಳಿಗೆ ಸಂಬಂಧಿಸಿದ ಭಾಗಕ್ಕೆ ಕೊಟ್ಟಿರುವ ಕಾಲಾವಕಾಶ 18 ತಿಂಗಳು; ಅಂದರೆ 2027ರ ಮೇ ತಿಂಗಳ ನಡುವಿನಿಂದ ಅದು ಜಾರಿ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೀರ್ಪಿನಿಂದ ಮೇಷ್ಟ್ರ ಫಾರಂವರೆಗೆ ಬರಲು ಹೆಚ್ಚುಕಡಿಮೆ ಹತ್ತು ವರ್ಷ ಹಿಡಿದಿದೆ.

‘ನಾನೇನು ಕಂಪನಿಯೇ?’ ಎಂದು ಮೇಷ್ಟ್ರು ಕೇಳಬಹುದು. ಮಾಹಿತಿಯನ್ನು ಯಾವ ಕೆಲಸಕ್ಕೆ, ಹೇಗೆ ಬಳಸಬೇಕೆಂದು ತೀರ್ಮಾನಿಸುವವರು ಯಾರೋ ಅವರೇ ಹೊಣೆಗಾರರು. ಕಾಯ್ದೆ ಅವರನ್ನು ಡೇಟಾ ಫಿಡ್ಯೂಷಿಯರಿ ಎಂದು ಕರೆಯುತ್ತದೆ. ಒಬ್ಬನೇ ವ್ಯಕ್ತಿಯಾದರೂ ಸರಿ, ಉಚಿತ ಸೇವೆಯಾದರೂ ಸರಿ. ಮನೆಮಟ್ಟಿಗಿನ ಸ್ವಂತ ಬಳಕೆಗೆ ಕಾಯ್ದೆ ಅನ್ವಯಿಸುವುದಿಲ್ಲ. ಸೈಟ್ ಕಟ್ಟಿಕೊಟ್ಟ ಹುಡುಗನ ಮೇಲೋ, ಗೂಗಲ್ ಫಾರಂ ಮೇಲೋ ಭಾರ ಹಾಕುವಂತಿಲ್ಲ; ನಿಮ್ಮ ಪರವಾಗಿ ಬೇರೆಯವರು ಮಾಡಿದ ಕೆಲಸಕ್ಕೂ ನೀವೇ ಉತ್ತರ ಹೇಳಬೇಕು. ಸ್ಟಾರ್ಟಪ್‌ಗಳಿಗೆ ಕೆಲವು ಕಲಂಗಳಿಂದ ವಿನಾಯಿತಿ ಕೊಡುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ ನಿಜ. ಆದರೆ ಆ ಪಟ್ಟಿಯಲ್ಲಿ 9ನೇ ಕಲಂ ಇಲ್ಲ.

ಮಕ್ಕಳ ವಿಷಯದಲ್ಲಿ ತಪ್ಪಿದರೆ ದಂಡ 200 ಕೋಟಿ ರೂಪಾಯಿಯವರೆಗೆ. ಈ ಅಂಕಿ ನೋಡಿ ಮೇಷ್ಟ್ರು ಸೈಟ್ ಮುಚ್ಚಬೇಕಿಲ್ಲ. ಅದು ಗರಿಷ್ಠ ಮಿತಿ. ಉಲ್ಲಂಘನೆ ಎಷ್ಟು ಗಂಭೀರ, ಎಷ್ಟು ಕಾಲ ನಡೆಯಿತು, ಮತ್ತೆ ಮತ್ತೆ ಆಯಿತೇ, ಸರಿಪಡಿಸಲು ಏನು ಮಾಡಿದರು, ಇವನ್ನೆಲ್ಲ ತೂಗಿ ನೋಡಿಯೇ ಡೇಟಾ ಸಂರಕ್ಷಣಾ ಮಂಡಳಿ ಮೊತ್ತ ನಿಗದಿ ಮಾಡಬೇಕು.

ಈಗ ಕಷ್ಟದ ಭಾಗಕ್ಕೆ ಬರೋಣ. ಒಪ್ಪಿಗೆ ಕೊಟ್ಟವರು ದೊಡ್ಡವರೇ ಎಂದು ತಿಳಿಯುವುದು ಹೇಗೆ? ನಿಯಮಗಳು ಹೇಳುವುದಿಷ್ಟು: ‘ನಾನು ಪೋಷಕ’ ಎನ್ನುವ ವ್ಯಕ್ತಿ ವಯಸ್ಕ, ಯಾರೆಂದು ಗುರುತಿಸಬಹುದಾದ ವ್ಯಕ್ತಿ ಎಂದು ಖಾತ್ರಿ ಮಾಡಿಕೊಳ್ಳಲು ನೀವು ತಕ್ಕ ಎಚ್ಚರ ವಹಿಸಬೇಕು. ಅದಕ್ಕೆ ದಾರಿಗಳಿವೆ. ಆ ಪೋಷಕರು ಮೊದಲೇ ನಿಮ್ಮಲ್ಲಿ ನೋಂದಾಯಿಸಿಕೊಂಡಿದ್ದು ಅವರ ಗುರುತು, ವಯಸ್ಸಿನ ನಂಬಲರ್ಹ ವಿವರ ನಿಮ್ಮ ಬಳಿ ಇದ್ದರೆ ಅದನ್ನೇ ಬಳಸಬಹುದು. ಇಲ್ಲವಾದರೆ ಅವರು ತಾವಾಗಿ ಕೊಡುವ ವಿವರ, ಅಥವಾ ಡಿಜಿಲಾಕರ್‌ನಂಥ ಅಧಿಕೃತ ವ್ಯವಸ್ಥೆ ನೀಡುವ ಟೋಕನ್. ಟೋಕನ್ನಿನ ಲಾಭವೆಂದರೆ ದಾಖಲೆಯ ಪ್ರತಿ ನಿಮ್ಮ ಕೈಗೆ ಬರಬೇಕಾಗಿಯೇ ಇಲ್ಲ.

ನಮ್ಮಲ್ಲಿ ಸಲೀಸಾಗಿ ಹೊಳೆಯುವ ಎರಡು ಉಪಾಯಗಳು ಎರಡೂ ಸೋಲುತ್ತವೆ. ಒಂದು, ಹುಡುಗ ಕೊಟ್ಟ ನಂಬರಿಗೆ ಓಟಿಪಿ ಕಳಿಸುವುದು. ಅಪ್ಪನ ಫೋನು ಸಂಜೆ ಆರರಿಂದ ಒಂಬತ್ತರವರೆಗೆ ಮಗನ ಕೈಯಲ್ಲೇ ಇರುವ ಮನೆಗಳಲ್ಲಿ ಓಟಿಪಿ ಬರುವುದೂ ಅವನಿಗೇ. ಆ ಫೋನ್ ಯಾರ ಕೈಯಲ್ಲಿದೆ, ಅವರ ವಯಸ್ಸೆಷ್ಟು ಎಂಬುದನ್ನು ಓಟಿಪಿ ಹೇಳುವುದಿಲ್ಲ. ಇನ್ನೊಂದು, ‘ತಂದೆಯ ಆಧಾರ್ ಫೋಟೊ ವಾಟ್ಸಾಪ್ ಮಾಡಿ’ ಎನ್ನುವುದು. ಮಗುವಿನ ಮಾಹಿತಿ ಕಾಯಲು ಹೋಗಿ ನೂರಾರು ಆಧಾರ್ ಪ್ರತಿಗಳನ್ನು ಮೇಷ್ಟ್ರ ಫೋನಿನ ಗ್ಯಾಲರಿಯಲ್ಲಿ ಗುಡ್ಡೆ ಹಾಕಿಕೊಂಡಂತಾಯಿತು. ನಿಯಮದಲ್ಲೇ ಒಂದು ಕಿಂಡಿಯೂ ಉಳಿದಿದೆ: ವಯಸ್ಕ ಎಂದು ತಿಳಿದುಕೊಳ್ಳಿ ಎನ್ನುತ್ತದೆ, ಆ ವಯಸ್ಕ ಇದೇ ಮಗುವಿನ ಅಪ್ಪನೇ ಎಂದು ಸಾಬೀತು ಮಾಡಿಸಿಕೊಳ್ಳುವ ದಾರಿಯನ್ನು ಹೇಳುವುದಿಲ್ಲ.

ಆದ್ದರಿಂದ ನನ್ನ ಸಲಹೆ ಫಾರಂನಿಂದಲೇ ಶುರುವಾಗುತ್ತದೆ. ಕ್ವಿಜ್ ಆಡಿಸಲು ಹುಟ್ಟಿದ ದಿನ ಏಕೆ? ಫೋಟೊ ಏಕೆ? ತಂದೆಯ ಹೆಸರು ಏಕೆ? ಮಗು ತನಗೆ ಬೇಕಾದ ಒಂದು ಅಡ್ಡಹೆಸರು ಇಟ್ಟುಕೊಂಡು ಆಡಲಿ, ಅಂಕ ಅಲ್ಲೇ ಪರದೆಯ ಮೇಲೆ ಕಾಣಲಿ, ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು ಮನೆಯಲ್ಲೇ ಬರೆದುಕೊಳ್ಳಲಿ. ಯಾರೆಂದು ಗುರುತಿಸಬಹುದಾದ ವ್ಯಕ್ತಿಯ ಮಾಹಿತಿಗಷ್ಟೇ ಕಾಯ್ದೆ ತಗಲುವುದು. ಅಂಥದ್ದನ್ನು ಪಡೆಯದಿದ್ದರೆ ಒಪ್ಪಿಗೆಯ ತಲೆನೋವೂ ಹೆಚ್ಚು ಉಳಿಯುವುದಿಲ್ಲ.

ಪಡೆದ ಮೇಲೆ ಬಿಸಾಡುವುದೂ ಸುಲಭವಲ್ಲ. ಕೆಲಸ ಮುಗಿದ ಮೇಲೆ ಅಳಿಸಿ ಎಂದು ಕಾಯ್ದೆ ಹೇಳಿದರೆ, ನಿಯಮಗಳು ಮಾಹಿತಿಯನ್ನೂ ಬಳಕೆಯ ಲಾಗ್‌ಗಳನ್ನೂ ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಿ ಎನ್ನುತ್ತವೆ, ಸರ್ಕಾರ ಕೇಳಿದರೆ ಒದಗಿಸಲು. ಖಾಸಗಿತನದ ಕಾನೂನೇ ಕೂಡಿಡಲು ಹೇಳುವುದು ವಿಚಿತ್ರ. ಆದರೆ ಬರೆದಿರುವುದು ಹಾಗೆಯೇ. ‘ಪರೀಕ್ಷೆ ಮುಗಿದ ಮರುದಿನವೇ ಅಳಿಸುತ್ತೇವೆ’ ಎಂದು ಪೋಷಕರಿಗೆ ಮಾತು ಕೊಡುವ ಮುನ್ನ ಇದನ್ನು ನೆನಪಿಡಬೇಕು.

ಏನಾದರೂ ಪಡೆಯಲೇಬೇಕಾದರೆ ಪೋಷಕರಿಗೆ ಪ್ರತ್ಯೇಕ ಸೂಚನೆ ಬೇಕು. ಹತ್ತು ಪುಟದ ಷರತ್ತುಗಳೊಳಗೆ ಹುದುಗಿಸಿಡುವಂತಿಲ್ಲ. ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಾಗಲಿ ಓದುವ ಆಯ್ಕೆ ಪೋಷಕರಿಗಿದೆ. ಕನ್ನಡದಲ್ಲಿ ಕೊಡಿ ಎಂದು ಕೇಳುವುದು ಅವರ ಹಕ್ಕು. ಸೂಚನೆ ಇಷ್ಟು ಸರಳವಾಗಿರಬಹುದು: ‘ನಿಮ್ಮ ಮಗಳ ಹೆಸರು ಮತ್ತು ನಿಮ್ಮ ಮೊಬೈಲ್ ಸಂಖ್ಯೆ ಪಡೆಯುತ್ತೇವೆ. ಹೆಸರು ಪ್ರಮಾಣಪತ್ರಕ್ಕೆ, ಸಂಖ್ಯೆ ಅದನ್ನು ಕಳಿಸುವುದಕ್ಕೆ. ಬೇರೆ ಯಾವುದಕ್ಕೂ ಬಳಸುವುದಿಲ್ಲ. ಒಪ್ಪಿಗೆ ಹಿಂಪಡೆಯಲು ಇಲ್ಲಿ ಒತ್ತಿ. ದೂರು ಕೊಡಲು ಇಲ್ಲಿ, ಮಂಡಳಿಗೆ ದೂರು ಕೊಡಲು ಇಲ್ಲಿ.’ ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂಪಡೆಯುವುದೂ ಅಷ್ಟೇ ಸುಲಭವಾಗಿರಬೇಕು.

ಪೋಷಕರು ಒಪ್ಪಿದರೂ ಮಾಡಬಾರದ ಕೆಲಸಗಳಿವೆ. ಮಕ್ಕಳ ಜಾಡು ಹಿಡಿಯುವುದು, ಅವರ ನಡವಳಿಕೆಯ ಮೇಲೆ ನಿಗಾ ಇಡುವುದು, ಅವರನ್ನೇ ಗುರಿ ಮಾಡಿ ಜಾಹೀರಾತು ತೋರಿಸುವುದು, ಇವಕ್ಕೆ ನಿಷೇಧವಿದೆ. ಅವರ ಒಳಿತಿಗೆ ಧಕ್ಕೆ ತರುವ ರೀತಿಯಲ್ಲಿ ಮಾಹಿತಿ ಬಳಸುವುದಕ್ಕೂ. ಮೇಷ್ಟ್ರು ‘ನಾನು ಯಾರ ಜಾಡೂ ಹಿಡಿಯುತ್ತಿಲ್ಲ’ ಎಂದಾರು. ಆದರೆ ಪುಟದ ಕೋಡ್ ತೆರೆದು ನೋಡಿದರೆ ಜಾಹೀರಾತು ಜಾಲದ ಒಂದು ಸಾಲು, ಅನಾಲಿಟಿಕ್ಸ್‌ನ ಇನ್ನೊಂದು, ಹಿಂದೆ ಯಾರೋ ಅಂಟಿಸಿ ಮರೆತ ಫೇಸ್‌ಬುಕ್ ಪಿಕ್ಸೆಲ್ ಮತ್ತೊಂದು ಸಿಗುವುದು ಅಪರೂಪವಲ್ಲ. ಮಗು ಯಾವ ಪುಟದಲ್ಲಿ ಎಷ್ಟು ಹೊತ್ತಿತ್ತು ಎಂಬ ಲೆಕ್ಕ ಆ ಸಾಲುಗಳ ಮೂಲಕ ಹೊರಗೆ ಹೋಗುತ್ತಿರುತ್ತದೆ. ಗೂಗಲ್ ಜಾಹೀರಾತು ಬಳಸುವವರಿಗೆ ಸೈಟು ಮಕ್ಕಳದ್ದು ಎಂದು ಗುರುತು ಹಾಕುವ ಸೌಲಭ್ಯವಿದೆ. ಹಾಕಿದರೆ ಬಳಕೆದಾರನ ಆಸಕ್ತಿ ಆಧರಿಸಿದ ಜಾಹೀರಾತು ನಿಲ್ಲುತ್ತದೆ. ಆದಾಯ ಇಳಿಯಬಹುದು, ಆ ನಷ್ಟ ಭರಿಸಲೇಬೇಕಾದ್ದು.

ವಿನಾಯಿತಿಗಳೂ ಇವೆ: ಆಸ್ಪತ್ರೆಗಳಿಗೆ, ಶಿಶುಪಾಲನಾ ಕೇಂದ್ರಗಳಿಗೆ, ಶಾಲಾ ವಾಹನ ಎಲ್ಲಿದೆ ಎಂದು ನೋಡುವುದಕ್ಕೆ. ಶಿಕ್ಷಣ ಸಂಸ್ಥೆಗಳಿಗೂ ಇದೆ, ಶೈಕ್ಷಣಿಕ ಚಟುವಟಿಕೆ ಮತ್ತು ದಾಖಲಾದ ಮಕ್ಕಳ ಸುರಕ್ಷತೆಯ ಮಿತಿಯೊಳಗೆ. ಪಾಠದ ಆ್ಯಪ್‌ಗಳೆಲ್ಲ ಈ ಕೊಡೆಯಡಿ ತಾವಾಗಿಯೇ ಬರುತ್ತವೆ ಎಂದುಕೊಳ್ಳುವುದು ಅವಸರ.

ಮಾಹಿತಿ ಸೋರಿದರೆ? ಮಕ್ಕಳ ಹೆಸರು, ನಂಬರು ತುಂಬಿದ ಶೀಟಿನ ಲಿಂಕ್ ವಾಟ್ಸಾಪ್ ಗುಂಪಿಗೆ ಹೋಯಿತು ಎನ್ನಿ. ಬಾಧಿತರಾದ ಪ್ರತಿಯೊಬ್ಬರಿಗೂ ತಡಮಾಡದೆ ತಿಳಿಸಬೇಕು, ಮಂಡಳಿಗೂ ಕೂಡಲೇ. ಪೂರ್ಣ ವಿವರ 72 ಗಂಟೆಯೊಳಗೆ. ಸಣ್ಣ ಸೋರಿಕೆ, ದೊಡ್ಡ ಸೋರಿಕೆ ಎಂಬ ಭೇದ ಇಲ್ಲ.

ಪೋಷಕರ ಕಡೆಯಿಂದ ನೋಡಿದರೆ ದಾರಿ ಹೀಗೆ. ಮಗುವಿನ ಏನೇನು ಮಾಹಿತಿ ನಿಮ್ಮಲ್ಲಿದೆ ಎಂದು ಕೇಳಬಹುದು, ತಿದ್ದಿಸಬಹುದು, ಅಳಿಸಲು ಹೇಳಬಹುದು. ಮೊದಲು ಸೈಟಿನವರಿಗೇ ದೂರು ಕೊಡಬೇಕು. ಅವರು ಹೆಚ್ಚೆಂದರೆ 90 ದಿನದೊಳಗೆ ಬಗೆಹರಿಸಬೇಕು. ಆಮೇಲಷ್ಟೇ ಮಂಡಳಿ, ಅದು ಡಿಜಿಟಲ್ ಕಚೇರಿ, ಕಾಗದ ಹಿಡಿದು ದೆಹಲಿಗೆ ಓಡಬೇಕಿಲ್ಲ. ಮಂಡಳಿಯ ಆದೇಶದ ವಿರುದ್ಧ 60 ದಿನದೊಳಗೆ ಟೆಲಿಕಾಂ ವಿವಾದಗಳ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಆದರೆ ದಂಡದ ಹಣ ಸೇರುವುದು ಭಾರತದ ಸಂಚಿತ ನಿಧಿಗೆ. ಫೋಟೊ ಸೋರಿಹೋದ ಮಗುವಿನ ಮನೆಗೆ ಪರಿಹಾರ ಕೊಡಿಸುವ ಕಲಂ ಈ ಕಾಯ್ದೆಯಲ್ಲಿಲ್ಲ, ಇದು ನನ್ನ ಮಟ್ಟಿಗೆ ದೊಡ್ಡ ಕೊರತೆ.

18ರ ಗೆರೆಯ ಬಗೆಗೂ ತಕರಾರಿದೆ. ಸಿಇಟಿಗೆ ಓದುವ ಹದಿನೇಳರ ಹುಡುಗಿಯನ್ನೂ ಏಳರ ಮಗುವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗಿದೆ. ಆನ್‌ಲೈನಿನಲ್ಲಿ ಮಕ್ಕಳ ಖಾಸಗಿತನ ಕಾಯುವ ಅಮೆರಿಕದ ಕಾಪಾ ಕಾನೂನು 1998ರಿಂದಲೂ 13ರ ಕೆಳಗಿನವರನ್ನಷ್ಟೇ ನೋಡುತ್ತದೆ. ಅದೇ ಕಾನೂನಿನಡಿ ಗೂಗಲ್ ಮತ್ತು ಯೂಟ್ಯೂಬ್ 2019ರಲ್ಲಿ 17 ಕೋಟಿ ಡಾಲರ್ ತೆತ್ತವು.

ಕಾಪಾ ನಮಗೇಕೆ ಎಂದರೆ, ಅಮೆರಿಕದ ಕನ್ನಡ ಕುಟುಂಬಗಳ ಮಕ್ಕಳಿಗೆ ಇಲ್ಲಿಂದಲೇ ಆನ್‌ಲೈನಿನಲ್ಲಿ ಕನ್ನಡ ಕಲಿಸುವವರಿದ್ದಾರೆ. ಅಲ್ಲಿನ ಮಕ್ಕಳಿಗಾಗಿಯೇ ನಡೆಸುವ ವಾಣಿಜ್ಯ ಸೈಟು ಮೈಸೂರಿನಲ್ಲಿದ್ದರೂ ಕಾಪಾ ತಗಲುತ್ತದೆ. 2025ರಲ್ಲಿ ತಿದ್ದಿದ ಅದರ ನಿಯಮಗಳ ಪ್ರಕಾರ ಮಾಹಿತಿಯನ್ನು ಮೂರನೆಯವರಿಗೆ ಕೊಡಲು ಪೋಷಕರ ಬೇರೆಯೇ ಒಪ್ಪಿಗೆ ಬೇಕು, ಎಷ್ಟು ದಿನ ಇಡುತ್ತೀರಿ ಎಂಬುದು ಬರಹದಲ್ಲಿರಬೇಕು. ಇವುಗಳಲ್ಲಿ ಬಹುಪಾಲಿಗೆ ಗಡುವು 2026ರ ಏಪ್ರಿಲ್ 22. ಇನ್ನೊಂದು ವಿಷಯ: ಮಾಹಿತಿ ಭಾರತದೊಳಗೆ ಸಂಸ್ಕರಣೆಯಾದರೆ ಮಗು ಯಾವ ದೇಶದ್ದಾದರೂ ನಮ್ಮ ಕಾಯ್ದೆಯೂ ಅನ್ವಯಿಸುತ್ತದೆ. ನ್ಯೂಜೆರ್ಸಿಯಲ್ಲಿ ಕೂತು ಕಾಗುಣಿತ ಕಲಿಯುವ ಹದಿನಾಲ್ಕರ ಹುಡುಗಿಗೆ ಕಾಪಾ ಬೇಡ ಎಂದರೂ, ಮೈಸೂರಿನ ಮೇಷ್ಟ್ರು ಅವಳ ಅಪ್ಪನ ಒಪ್ಪಿಗೆ ಕೇಳಬೇಕಾಗಬಹುದು.