ಮೂಲವ್ಯಾಧಿಗೆ ಕತ್ತಿಯಿಲ್ಲದ ಚಿಕಿತ್ಸೆ

ರಬಕವಿ-ಬನಹಟ್ಟಿಯ ನೇಕಾರನಾಗಲಿ, ಮುಧೋಳ-ಜಮಖಂಡಿಗಳ ಕಬ್ಬಿನ ಬೆಳೆಗಾರನಾಗಲಿ, ಬೀಳಗಿಯ ಗೃಹಿಣಿಯಾಗಲಿ, ಜ್ವರ ಬಂದರೆ ನೆರೆಹೊರೆಯವರಿಗೆ ಹೇಳಿಕೊಳ್ಳುವರು. ಮಲದೊಡನೆ ರಕ್ತ ಬಿದ್ದರೆ ಮನೆಯವರಿಗೂ ಹೇಳಲೊಲ್ಲರು. ಇದಕ್ಕೆ ಕಾರಣಗಳೆರಡು: ಒಂದು ನಾಚಿಕೆ, ಇನ್ನೊಂದು ಕತ್ತಿಯ ಭಯ. ನಾಚಿಕೆಗೆ ಮದ್ದಿಲ್ಲ, ಭಯವಾದರೋ ಬಹುಮಟ್ಟಿಗೆ ನಿರಾಧಾರವಾದುದು.

ಗುದನಾಳದ ಒಳಗೋಡೆಯಲ್ಲಿ ರಕ್ತನಾಳಗಳಿಂದ ತುಂಬಿದ ಮೆತ್ತೆಗಳು ಎಲ್ಲರಲ್ಲಿಯೂ ಇವೆ. ಮಲಬದ್ಧತೆಯಿಂದ ತಿಣುಕುವುದು, ಶೌಚದಲ್ಲಿ ಬಹಳ ಹೊತ್ತು ಕುಳಿತಿರುವುದು, ಗರ್ಭಾವಸ್ಥೆ ಮೊದಲಾದುವುಗಳಿಂದ ಇವು ಉಬ್ಬಿ ಕೆಳಕ್ಕೆ ಜಾರಿದಾಗ ಮೂಲವ್ಯಾಧಿ ಎನ್ನುತ್ತೇವೆ. ಒಳಮೂಲಕ್ಕೆ ನಾಲ್ಕು ಅವಸ್ಥೆಗಳು. ಮೊದಲನೆಯದರಲ್ಲಿ ರಕ್ತ ಬೀಳಬಹುದು, ಮೊಳಕೆ ಹೊರಬರುವುದಿಲ್ಲ; ಎರಡನೆಯದರಲ್ಲಿ ತಿಣುಕಿದಾಗ ಹೊರಬಂದು ತಾನಾಗಿ ಒಳಸೇರುವುದು; ಮೂರನೆಯದರಲ್ಲಿ ಬೆರಳಿನಿಂದ ತಳ್ಳಬೇಕು; ನಾಲ್ಕನೆಯದರಲ್ಲಿ ಹೊರಗೇ ಉಳಿಯುವುದು.

ಗುದನಾಳದೊಳಗೆ ಹಲ್ಲುಹಲ್ಲಾದ ಒಂದು ಗೆರೆಯುಂಟು. ಅದರ ಕೆಳಗಿನ ಭಾಗ ಚರ್ಮದಂತೆ ನೋವನ್ನರಿಯುವುದು. ಮೇಲಿನ ಭಾಗಕ್ಕೆ ಆ ಬಗೆಯ ನೋವು ತಿಳಿಯದು. ಒಳಮೂಲ ಹುಟ್ಟುವುದು ಗೆರೆಯ ಮೇಲೆ. ಆದುದರಿಂದಲೇ ಅರಿವಳಿಕೆಯಿಲ್ಲದೆ, ವೈದ್ಯರ ಕೊಠಡಿಯಲ್ಲೇ, ಕೆಲವು ನಿಮಿಷಗಳಲ್ಲಿ ಚಿಕಿತ್ಸೆ ಸಾಧ್ಯವಾಗಿದೆ.

ಸುಶ್ರುತನು ಈ ರೋಗಕ್ಕೆ ಭೇಷಜ, ಕ್ಷಾರ, ಅಗ್ನಿ, ಶಸ್ತ್ರ ಎಂಬ ನಾಲ್ಕು ಉಪಾಯಗಳನ್ನು ಹೇಳಿದ್ದಾನೆ. ಈಗಿನ ವಿಧಾನಗಳೂ ಹೆಚ್ಚುಕಡಮೆ ಅದೇ ಜಾಡಿನವು. ಡಬ್ಲಿನ್ನಿನ ಮಾರ್ಗನ್ ೧೮೬೯ರಲ್ಲಿ ಕಬ್ಬಿಣದ ಲವಣದ ದ್ರಾವಣವನ್ನು ಮೊಳಕೆಗೆ ಚುಚ್ಚಿದನು. ಆಮೇಲೆ ಬಾದಾಮಿ ಎಣ್ಣೆಯಲ್ಲಿ ಬೆರೆಸಿದ ಶೇಕಡಾ ೫ರ ಫೀನಾಲ್ ರೂಢಿಗೆ ಬಂತು. ಮೊಳಕೆಯ ಬುಡದಲ್ಲಿ ಅದು ಉರಿಯೂತವನ್ನುಂಟುಮಾಡಿ, ಅಂಗಾಂಶವನ್ನು ಗಟ್ಟಿಗೊಳಿಸಿ ಕುಗ್ಗಿಸುತ್ತದೆ.

ಅಮೆರಿಕದ ಬ್ಯಾರನ್ ೧೯೬೩ರಲ್ಲಿ ಪ್ರಚುರಪಡಿಸಿದ್ದು ರಬ್ಬರ್ ಉಂಗುರದ ವಿಧಾನ. ಬೆರಳ ತುದಿಗೆ ನೂಲನ್ನು ಬಿಗಿದು ಕಟ್ಟಿದರೆ ಏನಾಗುವುದೆಂದು ನೇಕಾರರಿಗೆ ಹೇಳಬೇಕಾಗಿಲ್ಲ. ಹಾಗೆಯೇ ಉಂಗುರವು ಮೊಳಕೆಯ ರಕ್ತಸಂಚಾರವನ್ನು ತಡೆಯುವುದು. ಒಂದು ವಾರದ ಸುಮಾರಿಗೆ ಅದು ಒಣಗಿ ಉದುರುವುದು. ಉಳಿದ ಗಾಯ ಮಾಯುವಾಗ ಸುತ್ತಣ ಪೊರೆಯನ್ನು ತನ್ನ ಸ್ಥಾನದಲ್ಲಿ ಬಂಧಿಸುವುದು. ೧೯೭೦ರ ದಶಕದಲ್ಲಿ ಬಂದ ಅವಕೆಂಪು ಕಿರಣದ ವಿಧಾನದಲ್ಲಿ, ಒಂದೆರಡು ಸೆಕೆಂಡುಗಳ ಶಾಖದಿಂದ ಬುಡದ ರಕ್ತನಾಳಗಳನ್ನು ಹೆಪ್ಪುಗಟ್ಟಿಸುತ್ತಾರೆ.

ಮೊದಲೆರಡು ಅವಸ್ಥೆಗಳಿಗೆ ಈ ಉಪಾಯಗಳು ಯೋಗ್ಯ. ಮೂರನೆಯದಕ್ಕೂ ಉಂಗುರವು ಅನೇಕ ವೇಳೆ ಸಾಕಾಗುವುದು. ರೋಗಿಯು ಅಂದೇ ಮನೆಗೆ ಮರಳಬಹುದು. ಒಂದೆರಡು ದಿನ ಭಾರವೆನಿಸುವುದು ಸಹಜ. ಆದರೆ ಜ್ವರ, ಹೆಚ್ಚುತ್ತಿರುವ ನೋವು, ಮೂತ್ರ ಕಟ್ಟುವಿಕೆ, ಅತಿ ರಕ್ತಸ್ರಾವ ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಅದನ್ನು ಮೊದಲೇ ತಿಳಿಸಬೇಕು. ಗೆರೆಯ ಮಹತ್ವವನ್ನು ಬಲ್ಲ ಶಿಕ್ಷಿತ ವೈದ್ಯನೇ ಇದನ್ನು ಮಾಡಬೇಕು. "ಒಂದೇ ಸೂಜಿಯಲ್ಲಿ ವಾಸಿ" ಎನ್ನುವ ಫಲಕಗಳನ್ನು ನಂಬಿ ಹೋಗುವುದು ಅಪಾಯಕರ.

ಚಿಕಿತ್ಸೆ ಯಾವುದಾದರೂ ತಿಣುಕುವ ಅಭ್ಯಾಸ ಬಿಡದಿದ್ದರೆ ರೋಗ ಮರುಕಳಿಸುವುದು. ನಮ್ಮ ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪು, ಸಾಕಷ್ಟು ನೀರು ಇವೇ ಇದಕ್ಕೆ ಉತ್ತಮ ಭೇಷಜ. ಎಷ್ಟೋ ಜನರಿಗೆ ಮೊದಲ ಅವಸ್ಥೆಯಲ್ಲಿ ಇಷ್ಟರಿಂದಲೇ ಗುಣವಾಗುವುದುಂಟು.

ಕೊನೆಯದಾಗಿ ಒಂದು ಮಾತು. ರಕ್ತ ಬಿದ್ದುದೆಲ್ಲ ಮೂಲವ್ಯಾಧಿಯಲ್ಲ. ದೊಡ್ಡ ಕರುಳಿನ ಅರ್ಬುದವೂ ಇದೇ ಚಿಹ್ನೆಯಿಂದ ತೋರಿಕೊಳ್ಳಬಹುದು. ಮಲವಿಸರ್ಜನೆಯ ಕ್ರಮ ಬದಲಾದರೆ, ತೂಕ ಇಳಿದರೆ, ರಕ್ತಹೀನತೆಯಿದ್ದರೆ, ಅಥವಾ ನಡುವಯಸ್ಸು ಮೀರಿದ್ದರೆ, ಕರುಳಿನ ಪರೀಕ್ಷೆಯನ್ನು ಅಲಕ್ಷಿಸಬಾರದು. ನಾಚಿಕೆಯಿಂದ ಕಳೆದುಹೋದ ತಿಂಗಳುಗಳನ್ನು ಯಾವ ವೈದ್ಯನೂ ಮರಳಿ ಕೊಡಲಾರನು.