ಎಂಡೋಸ್ಕೋಪಿಯಿಂದ ತೆಗೆದ ಜಠರದ ಗಡ್ಡೆ ಮತ್ತೆ ಬರುವುದೇ?



ಜಠರದ ಒಳಪದರದಲ್ಲಿ ಆರಂಭದ ಹಂತದಲ್ಲಿರುವ ಕೆಲವು ಗಡ್ಡೆಗಳನ್ನು ಹೊಟ್ಟೆ ಕೊಯ್ಯದೆ, ಬಾಯಿಯಿಂದ ನಳಿಕೆ ಇಳಿಸಿ ತೆಗೆಯುತ್ತಾರೆ. ಇದೇ ಎಂಡೋಸ್ಕೋಪಿ ಚಿಕಿತ್ಸೆ. ಕೆಲವೇ ದಿನಗಳಲ್ಲಿ ರೋಗಿ ಮನೆಗೆ ಹೋಗುತ್ತಾರೆ, ಊಟ ಸೇರುತ್ತದೆ. "ಗಡ್ಡೆ ಹೋಯ್ತಲ್ಲ ಸಿಸ್ಟರ್, ಮತ್ತ್ಯಾಕೆ ಪೈಪ್ ನುಂಗಬೇಕು?" ಎಂದು ಅನೇಕರು ಕೇಳುತ್ತಾರೆ. ಕಾರಣವನ್ನು ತಿಳಿದುಕೊಳ್ಳಿ.

ಮತ್ತೆ ಬರುವ ಎರಡು ಬಗೆ

1. ತೆಗೆದ ಜಾಗದಲ್ಲೇ ಬರುವುದು: ಗಡ್ಡೆಯನ್ನು ಒಂದೇ ತುಂಡಾಗಿ ತೆಗೆದು, ಅದರ ಅಂಚಿನಲ್ಲಿ ರೋಗವಿಲ್ಲವೆಂದು ಲ್ಯಾಬ್ ವರದಿ ಹೇಳಿದ್ದರೆ ಈ ಅಪಾಯ ಬಹಳ ಕಡಿಮೆ. ತುಂಡು ತುಂಡಾಗಿ ತೆಗೆದಿದ್ದರೆ ಹೆಚ್ಚು. ಅಂಚಿನಲ್ಲಿ ರೋಗ ಉಳಿದಿದ್ದರೆ ಅಥವಾ ಆಳಕ್ಕೆ ಇಳಿದಿದ್ದರೆ ಆಪರೇಷನ್ ಬೇಕಾಗಬಹುದು. ಆದ್ದರಿಂದ ವರದಿ ಬರುವವರೆಗೆ ಚಿಕಿತ್ಸೆ ಮುಗಿಯಿತೆಂದು ತಿಳಿಯಬೇಡಿ.

2. ಬೇರೆ ಜಾಗದಲ್ಲಿ ಹೊಸದಾಗಿ ಬರುವುದು: ಮುಖ್ಯವಾಗಿ ಇದರ ಬಗ್ಗೆ ಎಚ್ಚರವಿರಬೇಕು. ಹೊಲದಲ್ಲಿ ಒಂದು ಕಳೆ ಕಿತ್ತರೂ ಮಣ್ಣಿನಲ್ಲಿ ಬೀಜ ಉಳಿದಿರುತ್ತದೆ. ಹಾಗೆಯೇ ಗಡ್ಡೆ ಹೋದರೂ ಬಹುಕಾಲದಿಂದ ಕೆಟ್ಟಿರುವ ಜಠರದ ಒಳಪದರ ಹಾಗೇ ಇರುತ್ತದೆ. ವರ್ಷಗಳು ಕಳೆದ ಮೇಲೂ ಹೊಸ ಗಡ್ಡೆ ಹುಟ್ಟಬಹುದು.

ಮೂಲ ಕಾರಣ ಏನು?

ಬಹಳಷ್ಟು ಜನರಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ರೋಗಾಣು ಇದಕ್ಕೆ ಕಾರಣ. ಇದನ್ನು ಪತ್ತೆ ಮಾಡಿದ ಆಸ್ಟ್ರೇಲಿಯಾದ ವೈದ್ಯರಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಎಂಡೋಸ್ಕೋಪಿಯಿಂದ ಗಡ್ಡೆ ತೆಗೆಸಿಕೊಂಡವರ ಮೇಲೆ ದಕ್ಷಿಣ ಕೊರಿಯಾದಲ್ಲಿ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಸುಮಾರು 6 ವರ್ಷಗಳಲ್ಲಿ, ರೋಗಾಣುವಿಗೆ ಔಷಧ ಪಡೆದ 100 ಜನರಲ್ಲಿ ಸುಮಾರು 7 ಮಂದಿಗೆ, ಪಡೆಯದ 100 ಜನರಲ್ಲಿ ಸುಮಾರು 13 ಮಂದಿಗೆ ಹೊಸ ಗಡ್ಡೆ ಬಂದಿತ್ತು. ಔಷಧದಿಂದ ಅಪಾಯ ಅರ್ಧದಷ್ಟು ಇಳಿಯಿತು, ಆದರೆ ಪೂರ್ತಿ ಹೋಗಲಿಲ್ಲ. ಆದ್ದರಿಂದ ಔಷಧವೂ ಬೇಕು, ತಪಾಸಣೆಯೂ ಬೇಕು.

ನೀವು ಮಾಡಬೇಕಾದದ್ದು

• ರೋಗಾಣುವಿನ ಮಾತ್ರೆಗಳನ್ನು ಸಾಮಾನ್ಯವಾಗಿ 14 ದಿನ ಕೊಡುತ್ತಾರೆ. ಬಾಯಿ ಕಹಿಯಾಯಿತೆಂದು ನಡುವೆ ಬಿಡಬೇಡಿ. ಮುಗಿದು ಕನಿಷ್ಠ 4 ವಾರಗಳ ನಂತರ, ರೋಗಾಣು ಹೋಗಿದೆಯೇ ಎಂದು ಉಸಿರು ಅಥವಾ ಮಲ ಪರೀಕ್ಷೆ ಮಾಡಿಸಿ. ಗ್ಯಾಸಿನ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ. ಪರೀಕ್ಷೆಗೆ 2 ವಾರ ಮುಂಚೆ ಅದನ್ನು ನಿಲ್ಲಿಸಬೇಕಾಗಬಹುದು.

• ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ ಮೊದಲ ಎಂಡೋಸ್ಕೋಪಿ, ನಂತರ ವರ್ಷಕ್ಕೊಮ್ಮೆ. ಬಿತ್ತನೆ, ಶೇಂಗಾ ಕೀಳುವ ಕೆಲಸವೆಂದು ಮುಂದೂಡಬೇಡಿ. ನೆನಪಿಗಾಗಿ ಕೊಟ್ಟೂರು ತೇರಿನಂಥ ಒಂದು ಗುರುತು ಇಟ್ಟುಕೊಳ್ಳಿ.

• ಬೀಡಿ, ಸಿಗರೇಟು, ಗುಟ್ಕಾ, ಮದ್ಯ ಬಿಡಿ. ಉಪ್ಪಿನಕಾಯಿ, ಹಪ್ಪಳ, ಉಪ್ಪು ಹಾಕಿ ಒಣಗಿಸಿದ ಮೆಣಸಿನಕಾಯಿ ಕಡಿಮೆ ಮಾಡಿ. ರೊಟ್ಟಿಯ ಜೊತೆ ಸೊಪ್ಪು, ಹಸಿ ತರಕಾರಿ ತಿನ್ನಿ.

• ಬಳ್ಳಾರಿ, ದಾವಣಗೆರೆ, ಬೆಂಗಳೂರು ಎಲ್ಲಿಗೇ ಹೋದರೂ ಹಳೆಯ ಎಂಡೋಸ್ಕೋಪಿ ವರದಿ, ಲ್ಯಾಬ್ ವರದಿ ಮತ್ತು ರೇಷನ್ ಕಾರ್ಡ್ ಜೊತೆಗಿರಲಿ.

ತಡಮಾಡದೆ ಬನ್ನಿ

ಮಲ ಡಾಂಬರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ, ತಲೆಸುತ್ತಿ ಬಿದ್ದರೆ, ಹೊಟ್ಟೆ ತೀವ್ರವಾಗಿ ನೋಯುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಬನ್ನಿ, ರಾತ್ರಿಯಾದರೂ ಕಾಯಬೇಡಿ. ಕಾರಣವಿಲ್ಲದೆ ತೂಕ ಇಳಿದರೆ, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾದರೆ ಮುಂದಿನ ತಪಾಸಣೆಯವರೆಗೆ ಕಾಯದೆ ತೋರಿಸಿ.

ಹೊಸ ಗಡ್ಡೆ ಚಿಕ್ಕದಿರುವಾಗ ನೋವು ಕೊಡುವುದಿಲ್ಲ. ನೋವಿಲ್ಲದಾಗ ಕಂಡುಹಿಡಿದರೆ ಹೆಚ್ಚಿನವರಿಗೆ ಮತ್ತೆ ನಳಿಕೆಯಿಂದಲೇ ತೆಗೆಯಬಹುದು, ಜಠರ ಉಳಿಯುತ್ತದೆ. ಚೆನ್ನಾಗಿರುವಾಗಲೇ ಬನ್ನಿ ಎಂದು ನಾವು ಹೇಳುವುದು ಇದಕ್ಕಾಗಿಯೇ.