ಕ್ರಾಗ್-ಯೋರ್ಗೆನ್ಸನ್ ಬಂದೂಕು

ಮುಂಬಯಿಯ ಪೊಲೀಸರು ಬಹುಕಾಲ ಹೆಗಲಿಗೇರಿಸಿದ ‘ತ್ರೀ ನಾಟ್ ತ್ರೀ’ ಬಂದೂಕಿನ ನಿಜನಾಮ ಲೀ-ಎನ್‌ಫೀಲ್ಡ್. ಎನ್‌ಫೀಲ್ಡ್ ಊರಿನ ಹೆಸರು; ಲೀ ಎಂಬುದು ಅದರ ಯಂತ್ರವನ್ನು ರೂಪಿಸಿದವನ ಕುಲನಾಮ. ನಾರ್ವೆ ದೇಶದ ಕ್ರಾಗ್-ಯೋರ್ಗೆನ್ಸನ್ ಬಂದೂಕಿನಲ್ಲಾದರೋ ಇಬ್ಬರ ಹೆಸರುಗಳಿವೆ. ಓಲೆ ಕ್ರಾಗ್ ಸೇನಾಧಿಕಾರಿ. ಎರಿಕ್ ಯೋರ್ಗೆನ್ಸನ್ ಬಂದೂಕು ತಯಾರಿಸುವ ಕಮ್ಮಾರ. ‘ಯೋರ್ಗೆನ್ಸನ್’ ಎಂದರೆ ಯೋರ್ಗೆನ್ನನ ಮಗ. ನಮ್ಮ ಸಯನ್ನಿನ ಶಾಲೆಗಳ ಹಾಜರಿ ಪುಸ್ತಕದಲ್ಲಿ ಮಕ್ಕಳ ಹೆಸರಿನೊಡನೆ ತಂದೆಯ ಹೆಸರು ಸೇರುವುದಿಲ್ಲವೇ, ಹಾಗೆ.

ಈ ಬಂದೂಕಿನ ಬಲಬದಿಯ ಪುಟ್ಟ ಬಾಗಿಲನ್ನು ತೆರೆದು ಐದು ತೋಟಾಗಳನ್ನು ಬಿಡಿಬಿಡಿಯಾಗಿ ತುಂಬುತ್ತಿದ್ದರು. ಡೆನ್ಮಾರ್ಕ್ 1889ರಲ್ಲಿಯೂ, ಅಮೆರಿಕ 1892ರಲ್ಲಿಯೂ, ಸ್ವತಃ ನಾರ್ವೆ 1894ರಲ್ಲಿಯೂ ಇದನ್ನು ಸ್ವೀಕರಿಸಿದವು. ತಾಯ್ನಾಡೇ ಕೊನೆಗೆ! ಆದರೆ 1898ರ ಕ್ಯೂಬಾ ಯುದ್ಧದಲ್ಲಿ ಸ್ಪೇನಿನ ಸೈನಿಕರು ತಮ್ಮ ಮೌಸರ್ ಬಂದೂಕಿಗೆ ಐದು ತೋಟಾಗಳನ್ನು ಒಂದೇ ಪಟ್ಟಿಯಿಂದ ಒಮ್ಮೆಗೇ ತುಂಬುತ್ತಿದ್ದರು. ಬಾಗಿಲಿನ ಜಾಣ್ಮೆ ಅಲ್ಲಿ ಸಾಲದಾಯಿತು. 1903ರಲ್ಲಿ ಅಮೆರಿಕ ಬೇರೊಂದು ಬಂದೂಕನ್ನು ಆರಿಸಿಕೊಂಡಿತು. ಅಲ್ಲಿನ ಸಿಪಾಯಿಗಳು ಹಳೆಯದನ್ನು ಬರಿದೆ ‘ಕ್ರಾಗ್’ ಎಂದು ಕರೆಯುತ್ತಿದ್ದರು. ಅಧಿಕಾರಿಯ ಹೆಸರು ನಿಂತಿತು, ಕಮ್ಮಾರನದು ಬಿಟ್ಟುಹೋಯಿತು.